ಒಪ್ಪದ ಚರ್ಮ ಕೊಡುವ ಹತ್ತು ದಿನ

ಬಿಳಿ ಇಲಿಯ ಪಕ್ಕೆಯ ಮೇಲೆ ಉಗುರಗಲದ ಎರಡು ತೇಪೆಗಳು. ಒಂದು ಅದೇ ತಳಿಯ ಇನ್ನೊಂದು ಬಿಳಿ ಇಲಿಯಿಂದ ತೆಗೆದ ಚರ್ಮ, ಇನ್ನೊಂದು ಬೇರೆ ತಳಿಯ ಕಪ್ಪು ಇಲಿಯದು. ವಾರದ ನಂತರ ಪಟ್ಟಿ ಬಿಚ್ಚಿದಾಗ ಎರಡೂ ಮೆತ್ತಗೆ, ನಸುಗೆಂಪಾಗಿ, ಹುಟ್ಟಿನಿಂದಲೇ ಅಲ್ಲಿದ್ದಂತೆ ಕೂತಿರುತ್ತವೆ. ಒತ್ತಿದರೆ ಬಿಳಿಚಿಕೊಂಡು ಮತ್ತೆ ಕೆಂಪೇರುತ್ತವೆ. ಒಳಗೆ ರಕ್ತ ಓಡಾಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಒಂದೆರಡು ದಿನ ಕಳೆಯುವಷ್ಟರಲ್ಲಿ ಕಪ್ಪು ಇಲಿಯ ತೇಪೆಯ ಅಂಚು ಊದಿಕೊಳ್ಳುತ್ತದೆ. ಬಣ್ಣ ನೇರಳೆಗೆ ತಿರುಗಿ ಮೇಲ್ಮೈ ಬಿಗಿಯುತ್ತದೆ. ಹತ್ತೋ ಹನ್ನೆರಡೋ ದಿನಕ್ಕೆ ಅದು ಒಣಗಿದ ಹಕ್ಕಳೆಯಾಗಿ ಕಳಚಿ ಬೀಳುತ್ತದೆ. ಪಕ್ಕದ ತೇಪೆ ಮಾತ್ರ ಹಾಗೇ ಇದ್ದು, ಕೆಲವೇ ವಾರಗಳಲ್ಲಿ ರೋಮ ಬಿಡುತ್ತದೆ. ಕೀವಾಗಿಲ್ಲ, ಹೊಲಿಗೆ ಸಡಿಲವಾಗಿಲ್ಲ, ಕೆಲಸ ಮಾಡಿದ ಕೈಯೂ ಒಂದೇ. ಒಂದು ಉಳಿಯಿತು, ಇನ್ನೊಂದು ಹೋಯಿತು.

ಕಿಡ್ನಿ ಕಸಿ, ಹೃದಯ ಕಸಿ ಎಂದು ಪತ್ರಿಕೆಯಲ್ಲಿ ಓದುವಾಗ ‘ದೇಹ ತಿರಸ್ಕರಿಸಿತು’ ಎಂಬ ಮಾತು ನಮಗೆ ಹೊಸದೇನಲ್ಲ. ಆದರೆ ತಿರಸ್ಕರಿಸುವುದು ಯಾರು, ಹೇಗೆ, ಎಷ್ಟು ದಿನಕ್ಕೆ ಎಂಬುದನ್ನು ವಿಜ್ಞಾನ ಕಲಿತದ್ದು ಹೆಚ್ಚಾಗಿ ಇಂಥ ಉಗುರಗಲದ ತೇಪೆಗಳಿಂದ. ಚರ್ಮ ಕಣ್ಣಿಗೆ ಕಾಣುವ ಅಂಗ. ಒಳಗೇನಾಗುತ್ತಿದೆ ಎಂದು ಹೊಟ್ಟೆ ಕೊಯ್ದು ನೋಡಬೇಕಾಗಿಲ್ಲ, ದಿನವೂ ಪಟ್ಟಿ ಸರಿಸಿ ನೋಡಿದರಾಯಿತು.

ಶ್ರೀರಂಗಪಟ್ಟಣದ ದಂಡಿನಿಂದ

ಚರ್ಮ ಕಸಿಯ ಕಥೆಗೆ ಕನ್ನಡ ನೆಲದ ನಂಟಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸಿಕ್ಕಿಬಿದ್ದ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಅವನಿಗೆ ಪುಣೆಯ ಬಳಿ ದೇಶೀ ವೈದ್ಯನೊಬ್ಬ ಹಣೆಯ ಚರ್ಮವನ್ನೇ ಕೆಳಕ್ಕೆ ಮಡಚಿ ಹೊಸ ಮೂಗು ಕಟ್ಟಿದ. ಇಂಗ್ಲಿಷ್ ವೈದ್ಯರು ಕಂಡ ಆ ಚಿಕಿತ್ಸೆಯ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ನಲ್ಲಿ ಚಿತ್ರಸಮೇತ ಅಚ್ಚಾಯಿತು. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಕಣ್ಣು ಬಿಟ್ಟದ್ದು ಅದನ್ನು ಓದಿದ ಮೇಲೆ.

ಕವಾಸ್ಜಿಯ ಮೂಗು ಉಳಿದದ್ದಕ್ಕೆ ಕಾರಣ ಸರಳ. ಚರ್ಮ ಅವನದೇ ಆಗಿತ್ತು, ಅದರ ಒಂದು ತುದಿಯೂ ಹಣೆಗೆ ಅಂಟಿಕೊಂಡೇ ಇತ್ತು. ಬೇರೆಯವರ ಚರ್ಮ ತಂದು ಅಂಟಿಸಿದರೆ? ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ಅದನ್ನೂ ನೋಡಿಯೇಬಿಟ್ಟರು. ನೆಂಟರ ಚರ್ಮ, ಅಪರಿಚಿತರ ಚರ್ಮ ಸಾಲದೆಂದು ಕಪ್ಪೆಯ ಚರ್ಮವನ್ನೂ ಗಾಯಕ್ಕೆ ಹೊದಿಸಿದರು. ಯಶಸ್ಸಾಯಿತೆಂದು ಬರೆದುಕೊಂಡವರೂ ಉಂಟು. ಹೊದಿಸಿದ್ದು ಮೆಲ್ಲಗೆ ಉದುರಿಹೋಗಿ ರೋಗಿಯ ಸ್ವಂತ ಚರ್ಮ ಅಂಚಿನಿಂದ ಬೆಳೆದು ಬಂದರೂ ಕೀರ್ತಿ ಕಪ್ಪೆಗೇ ಸಲ್ಲುತ್ತಿತ್ತು. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ತೇಪೆ ಇಡಬೇಕೆಂಬ ಶಿಸ್ತು ಆಗ ಇರಲಿಲ್ಲ.

ವಿಮಾನ ಬಿದ್ದ ಭಾನುವಾರದ ನಂತರ

ಆ ಶಿಸ್ತು ಗಟ್ಟಿಯಾಗಿ ಬೇರೂರಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರಲ್ಲಿ ಆಕ್ಸ್‌ಫರ್ಡ್‌ನ ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್ ಅವರ ಮನೆಗೆ ಹತ್ತಿರದಲ್ಲೇ ಬಾಂಬರ್ ವಿಮಾನವೊಂದು ಬಿತ್ತು. ಮೈಯೆಲ್ಲ ಸುಟ್ಟುಕೊಂಡ ವಾಯುಸೈನಿಕನನ್ನು ಉಳಿಸಲು ಏನಾದರೂ ದಾರಿಯುಂಟೇ ಎಂದು ವೈದ್ಯರು ಮೆಡಾವರ್ ಅವರನ್ನು ಕೇಳಿದರು. ಪರರ ಚರ್ಮ ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆ ಆ ಇಪ್ಪತ್ತೈದರ ತರುಣನನ್ನು ಹಿಡಿದುಕೊಂಡಿತು, ಬಿಡಲಿಲ್ಲ.

ಅವರು ಗ್ಲಾಸ್ಗೋದ ಸುಟ್ಟಗಾಯದ ವಾರ್ಡಿಗೆ ಹೋಗಿ ಸರ್ಜನ್ ಟಾಮಸ್ ಗಿಬ್ಸನ್ ಜತೆ ಸೇರಿದರು. ಅಲ್ಲೊಬ್ಬ ಹೆಣ್ಣುಮಗಳಿಗೆ ಆಕೆಯದೇ ಚರ್ಮದ ಚೂರುಗಳ ಜತೆಗೆ ಸಹೋದರನ ಚರ್ಮದ ಚೂರುಗಳನ್ನೂ ಕೂರಿಸಿದರು. ಸಹೋದರನವು ಉದುರಿದವು. ಎರಡನೆಯ ಬಾರಿ ಅದೇ ಸಹೋದರನ ಚರ್ಮ ಇಟ್ಟಾಗ ಅದು ಇನ್ನೂ ಬೇಗ ಹಾಳಾಯಿತು. 1943ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಈ ಎರಡನೆಯ ಸಂಗತಿಯಲ್ಲೇ ಇತ್ತು. ಚರ್ಮ ಸುಮ್ಮನೆ ಒಣಗಿ ಸಾಯುವುದಾದರೆ ಪ್ರತಿ ಬಾರಿಯೂ ಅಷ್ಟೇ ದಿನ ಬೇಕಿತ್ತು. ಎರಡನೆಯ ಬಾರಿ ಬೇಗ ಹೋಯಿತೆಂದರೆ ದೇಹ ಮೊದಲ ಬಾರಿಯದನ್ನು ನೆನಪಿಟ್ಟುಕೊಂಡಿದೆ. ಒಮ್ಮೆ ಬಂದ ದಡಾರ ಎರಡನೆಯ ಸಲ ಬಾರದಂತೆ ತಡೆಯುವುದೂ ಇಂಥದೇ ನೆನಪು.

ಒಬ್ಬ ರೋಗಿಯಿಂದ ಸಿದ್ಧಾಂತ ಕಟ್ಟಲಾಗದು. ಮೆಡಾವರ್ ಮೊಲಗಳನ್ನು ಹಿಡಿದರು. 25 ಮೊಲಗಳು, ಪ್ರತಿ ಮೊಲದ ಚರ್ಮ ಉಳಿದ ಎಲ್ಲ ಮೊಲಗಳಿಗೆ, ಜತೆಗೆ ತನಗೂ. ಲೆಕ್ಕ ಹಾಕಿದರೆ 625 ಕಸಿಗಳು. ಅಷ್ಟನ್ನೂ ದಿನಗಟ್ಟಲೆ ನೋಡಿ, ತುಣುಕು ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ವಿಜ್ಞಾನದ ಇತಿಹಾಸದಲ್ಲಿ ಪ್ರತಿಭೆಗಿಂತ ತಾಳ್ಮೆ ಹೆಚ್ಚು ಕೆಲಸ ಮಾಡಿದ ಪ್ರಸಂಗಗಳಲ್ಲಿ ಇದೂ ಒಂದೆಂದು ನನ್ನ ಅನಿಸಿಕೆ.

ತೇಪೆಯೊಳಗೆ ದಿನದಿನಕ್ಕೆ

ಕಸಿ ಮಾಡಿದ ಚರ್ಮಕ್ಕೆ ಮೊದಲ ಎರಡು ದಿನ ಸ್ವಂತ ರಕ್ತ ಸಂಚಾರ ಇರುವುದಿಲ್ಲ. ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡು ಅದು ಜೀವ ಹಿಡಿದಿರುತ್ತದೆ. ಎರಡು ಮೂರನೆಯ ದಿನದ ಹೊತ್ತಿಗೆ ಕೆಳಗಿನ ಸಣ್ಣ ರಕ್ತನಾಳಗಳು ತೇಪೆಯ ನಾಳಗಳ ಬಾಯಿಗೆ ಬಾಯಿ ಕೂಡಿಸುತ್ತವೆ, ಹೊಸ ನಾಳಗಳೂ ಒಳಕ್ಕೆ ಚಿಗುರುತ್ತವೆ. ನಾಲ್ಕೈದು ದಿನಕ್ಕೆ ತೇಪೆ ಕೆಂಪೇರುತ್ತದೆ. ಇಲ್ಲಿಯವರೆಗೆ ಸ್ವಂತ ಚರ್ಮಕ್ಕೂ ಪರರ ಚರ್ಮಕ್ಕೂ ಬರಿಗಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ.

ಆದರೆ ಒಳಗೆ ಸುದ್ದಿ ಆಗಲೇ ಹೊರಟಿರುತ್ತದೆ. ಹೊರಚರ್ಮದಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಕಾವಲು ಕೋಶಗಳಿರುತ್ತವೆ. ಕಸಿಯ ಜತೆಗೆ ಬಂದ ಅವು ತೇಪೆಯಿಂದ ಜಾರಿ ಹತ್ತಿರದ ಹಾಲ್ರಸ ಗ್ರಂಥಿಗೆ ಹೋಗುತ್ತವೆ. ಕಾಲಿಗೆ ಗಾಯವಾದಾಗ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ಲ, ಆ ಗ್ರಂಥಿಗಳೇ ಇವು. ಅಲ್ಲಿ ಕಾಯುತ್ತಿರುವ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳಲ್ಲಿ ಈ ಪರಕೀಯ ಗುರುತಿಗೆ ಹೊಂದುವಂಥವು ಎಚ್ಚೆತ್ತು ಸಾವಿರಾರಾಗಿ ಮರಿ ಹಾಕುತ್ತವೆ. ಇದಕ್ಕೆ ಕೆಲವು ದಿನ ಬೇಕು. ಮೊದಲ ವಾರದ ಶಾಂತಿಗೆ ಕಾರಣ ದೇಹ ಒಪ್ಪಿಕೊಂಡದ್ದಲ್ಲ, ದಂಡು ಇನ್ನೂ ಹೊರಟಿಲ್ಲದ್ದು.

ಆರೇಳನೆಯ ದಿನದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಚರ್ಮದಲ್ಲಿ, ಸಣ್ಣ ನಾಳಗಳ ಸುತ್ತ, ದುಂಡನೆಯ ಕಪ್ಪು ಚುಕ್ಕಿಗಳಂತೆ ಲಿಂಫೋಸೈಟುಗಳು, ಅಂದರೆ ಟಿ ಕೋಶಗಳ ಜಾತಿಯ ಬಿಳಿ ರಕ್ತಕಣಗಳು, ಕವಿದಿರುತ್ತವೆ. ನಾಳಗಳ ಒಳಗೋಡೆ ಊದಿಕೊಂಡು, ರಕ್ತ ನಿಂತು ಹೆಪ್ಪುಗಟ್ಟಲು ತೊಡಗುತ್ತದೆ. ಹೊರಚರ್ಮದ ತಳದ ಸಾಲಿನ ಕೋಶಗಳು, ರೋಮದ ಬುಡದ ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಳ್ಳುತ್ತದೆ. ಒಂಬತ್ತು ಹತ್ತನೆಯ ದಿನಕ್ಕೆ ನಾಳಗಳೆಲ್ಲ ಮುಚ್ಚಿ ತೇಪೆ ಪೂರ್ತಿ ಸತ್ತಿರುತ್ತದೆ. ಅದೇ ದಾನಿಯ ಚರ್ಮ ಎರಡನೆಯ ಬಾರಿ ಬಂದರೆ ಐದಾರು ದಿನದಲ್ಲೇ ಇದೆಲ್ಲ ಮುಗಿಯುತ್ತದೆ. ಕೆಲವೊಮ್ಮೆ ತೇಪೆಗೆ ರಕ್ತವೇ ಹರಿಯದೆ ಅದು ಮೊದಲಿನಿಂದಲೂ ಬೆಳ್ಳಗೇ ಉಳಿಯುತ್ತದೆ.

ಎಲ್ಲ ಪ್ರಾಣಿಗಳಲ್ಲೂ ಈ ವೇಗವಿಲ್ಲ. ತಮಿಳುನಾಡಿನಲ್ಲಿ ವಿ.ಆರ್. ಮುತ್ತುಕರುಪ್ಪನ್ ಮತ್ತು ಸಂಗಡಿಗರು ನಮ್ಮ ಬೇಲಿಸಾಲಿನ ಓತಿಕ್ಯಾತಗಳಲ್ಲೇ ಚರ್ಮ ಕಸಿಯನ್ನು ಅಧ್ಯಯನ ಮಾಡಿದ್ದರು. ತಣ್ಣನೆಯ ರಕ್ತದ ಸರೀಸೃಪಗಳು ಪರರ ಚರ್ಮವನ್ನು ಗುರುತಿಸುತ್ತವೆ, ಆದರೆ ನಿಧಾನಕ್ಕೆ. ವಾತಾವರಣದ ಬಿಸಿ ಕಡಿಮೆಯಾದಷ್ಟೂ ತಿರಸ್ಕಾರವೂ ತಡವಾಗುತ್ತದೆ. ಮಾವಿನ ಗಿಡಕ್ಕಂತೂ ಈ ತಂಟೆಯೇ ಇಲ್ಲ. ಕಾಡುಮಾವಿನ ಬುಡಕ್ಕೆ ಬಾದಾಮಿಯ ಕಡ್ಡಿ ಕಟ್ಟಿದರೆ ಗಿಡ ಅದನ್ನು ಬೆನ್ನಟ್ಟಿ ಕೊಲ್ಲುವುದಿಲ್ಲ. ಗಿಡದ ಮೈಯಲ್ಲಿ ಊರೂರು ತಿರುಗುವ ಟಿ ಕೋಶಗಳಿಲ್ಲ.

ಅವಳಿ ಕರುಗಳ ಒಗಟು

ಮೆಡಾವರ್ ಅವರ ಮುಂದಿನ ತಿರುವು ಬಂದದ್ದು ಕೊಟ್ಟಿಗೆಯಿಂದ. 1948ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನದಲ್ಲಿ ಪಶುತಳಿ ವಿಜ್ಞಾನಿಯೊಬ್ಬರು ಅವರನ್ನು ಕೇಳಿದರು: ಅವಳಿ ಕರುಗಳಲ್ಲಿ ಒಂದೇ ಅಂಡದಿಂದ ಹುಟ್ಟಿದವು ಯಾವುವು, ಎರಡು ಅಂಡದವು ಯಾವುವು ಎಂದು ಹೇಳುವುದು ಹೇಗೆ? ಸುಲಭ, ಒಂದರ ಚರ್ಮ ಇನ್ನೊಂದಕ್ಕೆ ಕಸಿ ಮಾಡಿ, ನಿಂತರೆ ಏಕರೂಪಿ ಅವಳಿ, ಉದುರಿದರೆ ಅಲ್ಲ ಎಂದರು ಮೆಡಾವರ್. ಮಾತು ಕೊಟ್ಟ ಮೇಲೆ ಮಾಡಿಯೂ ತೋರಿಸಬೇಕಲ್ಲ! ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಜತೆ ಕರುಗಳಿಗೆ ಕಸಿ ಮಾಡಿದರೆ ಎಲ್ಲ ಅವಳಿಗಳಲ್ಲೂ ಚರ್ಮ ನಿಂತುಬಿಟ್ಟಿತು. ಒಂದು ಗಂಡು ಒಂದು ಹೆಣ್ಣು ಆಗಿದ್ದ ಜೋಡಿಗಳಲ್ಲೂ ನಿಂತಿತು. ಅವು ಏಕರೂಪಿ ಅವಳಿಗಳಾಗಿರಲು ಸಾಧ್ಯವೇ ಇರಲಿಲ್ಲ.

ಇದಕ್ಕೆ ಉತ್ತರ 1945ರಲ್ಲೇ ಅಮೆರಿಕದ ವಿಸ್ಕಾನ್ಸಿನ್‌ನ ರೇ ಓವೆನ್ ಬರೆದಿಟ್ಟಿದ್ದರು. ಹಸುವಿನ ಗರ್ಭದಲ್ಲಿ ಅವಳಿಗಳ ಮಾಸುಗಳು ಒಂದಕ್ಕೊಂದು ಕೂಡಿಕೊಂಡು ರಕ್ತ ಬೆರೆಯುತ್ತದೆ. ಹುಟ್ಟಿದ ಮೇಲೂ ಒಂದರ ರಕ್ತಕಣಗಳು ಇನ್ನೊಂದರಲ್ಲಿ ಇರುತ್ತವೆ. ಹೋರಿಗರುವಿನ ಜತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಸಾಮಾನ್ಯವಾಗಿ ಗಬ್ಬ ಕಟ್ಟುವುದಿಲ್ಲ ಎಂದು ಹಸು ಸಾಕಿದವರು ಬಲ್ಲರು. ಅದರ ಮೂಲವೂ ಗರ್ಭದಲ್ಲಿ ಹೀಗೆ ರಕ್ತ ಬೆರೆಯುವುದೇ.

ಅಂದರೆ ‘ನಾನು’ ಮತ್ತು ‘ಅನ್ಯ’ ಎಂಬ ಭೇದವನ್ನು ದೇಹ ಮೊದಲಿನಿಂದಲೇ ಹೊತ್ತು ತರುವುದಿಲ್ಲ, ಬೆಳೆಯುವಾಗ ಕಲಿಯುತ್ತದೆ. ಆ ಪಾಠದ ಹೊತ್ತಿನಲ್ಲಿ ಪರರ ಕೋಶವೂ ಎದುರಿಗಿದ್ದರೆ ಅದನ್ನೂ ತನ್ನದೆಂದೇ ಬರೆದುಕೊಳ್ಳುತ್ತದೆ. ಬಿಲ್ಲಿಂಗ್‌ಹ್ಯಾಮ್, ಲೆಸ್ಲಿ ಬ್ರೆಂಟ್ ಮತ್ತು ಮೆಡಾವರ್ ಇದನ್ನು ಇಲಿಗಳಲ್ಲಿ ಬೇಕೆಂದೇ ಮಾಡಿ ತೋರಿಸಿದರು. ಗರ್ಭದಲ್ಲಿದ್ದ ಮರಿಗಳಿಗೆ ಬೇರೆ ತಳಿಯ ಕೋಶಗಳನ್ನು ಚುಚ್ಚಿ, ಅವು ಹುಟ್ಟಿ ಬೆಳೆದ ಮೇಲೆ ಆ ತಳಿಯ ಚರ್ಮವನ್ನು ಅಂಟಿಸಿದರು. ಮೊದಲ ಪ್ರಯೋಗದ ಐದು ಮರಿಗಳಲ್ಲಿ ಮೂರು ಅದನ್ನು ಒಪ್ಪಿಕೊಂಡವು. 1953ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ಲೇಖನಕ್ಕೆ ಏಳು ವರ್ಷದ ನಂತರ ನೊಬೆಲ್ ಬಂತು. ಮೆಡಾವರ್ ಅದನ್ನು ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಜತೆ ಹಂಚಿಕೊಂಡರು.

ಗುರುತು ಇರುವುದೆಲ್ಲಿ ಎಂಬುದೂ ಇಲಿಗಳಿಂದಲೇ ತಿಳಿಯಿತು. ತಲೆಮಾರುಗಟ್ಟಲೆ ಅಣ್ಣ-ತಂಗಿಯರನ್ನೇ ಕೂಡಿಸಿ ಬೆಳೆಸಿದ ಶುದ್ಧ ತಳಿಗಳಲ್ಲಿ ಪೀಟರ್ ಗೋರರ್ ಮತ್ತು ಜಾರ್ಜ್ ಸ್ನೆಲ್ ಕಸಿಯ ಹಣೆಬರಹ ನಿರ್ಧರಿಸುವ ವಂಶವಾಹಿಗಳ ಗುಂಪನ್ನು ಹಿಡಿದರು. ಮನುಷ್ಯರಲ್ಲಿ ಅದಕ್ಕೆ ಸಮನಾದುದೇ ಎಚ್‌ಎಲ್‌ಎ. ಕಿಡ್ನಿ ಕೊಡುವ ಮುಂಚೆ ‘ಮ್ಯಾಚ್’ ಆಗುತ್ತದೆಯೇ ಎಂದು ನೋಡುವುದು ಇದನ್ನೇ. ಶುದ್ಧ ತಳಿಯೊಳಗೂ ಒಂದು ತಮಾಷೆ ಕಂಡಿತು. ಗಂಡು ಇಲಿಯ ಚರ್ಮವನ್ನು ಅದೇ ತಳಿಯ ಹೆಣ್ಣು ಇಲಿ ತಡವಾಗಿಯಾದರೂ ತಿರಸ್ಕರಿಸಿತು, ಹೆಣ್ಣಿನ ಚರ್ಮವನ್ನು ಗಂಡು ಒಪ್ಪಿಕೊಂಡಿತು. ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೊಸೋಮಿನ ಗುರುತನ್ನೂ ದೇಹ ಓದಿಬಿಡುತ್ತದೆ.

ಥೈಮಸ್ ಗ್ರಂಥಿಯೇ ಇಲ್ಲದೆ ಹುಟ್ಟುವ ಬೋಳು ಇಲಿಗಳದು ಇದಕ್ಕೆ ತದ್ವಿರುದ್ಧ. ಟಿ ಕೋಶಗಳು ಪಳಗುವ ಶಾಲೆಯೇ ಅವಕ್ಕಿಲ್ಲ. ಮನುಷ್ಯನ ಚರ್ಮ, ಸರೀಸೃಪದ ಚರ್ಮ ಅವುಗಳ ಮೈಮೇಲೆ ನಿಂತಿವೆ. ಕೋಳಿಯ ಚರ್ಮ ನಿಂತು ಪುಕ್ಕವನ್ನೂ ಬಿಟ್ಟಿದೆ.

ಮಣ್ಣಿನ ಮದ್ದು, ಘಾಜಿಯಾಬಾದ್‌ನ ಕಚೇರಿ

ಹುಟ್ಟುವ ಮೊದಲೇ ಚುಚ್ಚಿ ಒಪ್ಪಿಸುವ ಉಪಾಯ ಬೆಳೆದ ಮನುಷ್ಯನಿಗೆ ಉಪಯೋಗಕ್ಕೆ ಬಾರದು. ಕೆಲಸಕ್ಕೆ ಬಂದದ್ದು ಟಿ ಕೋಶಗಳನ್ನು ತೂಕಡಿಸುವಂತೆ ಮಾಡುವ ಔಷಧಗಳು. ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯ ಮಣ್ಣಿನ ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಬಂತು. ಈಸ್ಟರ್ ದ್ವೀಪದ ಮಣ್ಣಿನಿಂದ ಸಿರೋಲಿಮಸ್ ಬಂತು, ಅದನ್ನು ಕಂಪನಿ ಕೈಬಿಟ್ಟಾಗಲೂ ಬಿಡದೆ ಹಿಡಿದವರು ಭಾರತ ಮೂಲದ ಸುರೇಂದ್ರನಾಥ್ ಸೆಹಗಲ್. ಜಪಾನಿನ ಸುಕುಬಾ ಬೆಟ್ಟದ ಬುಡದ ಮಣ್ಣು ಟ್ಯಾಕ್ರೋಲಿಮಸ್ ಕೊಟ್ಟಿತು. ಸೈಕ್ಲೋಸ್ಪೋರಿನ್ನಿನ ಗುಣ ಪರೀಕ್ಷಿಸಿದಾಗಲೂ ಮೊದಮೊದಲ ಸಾಕ್ಷಿಗಳಲ್ಲಿ ಇಲಿಯ ಚರ್ಮದ ತೇಪೆ ಇತ್ತು: ಔಷಧ ಕೊಟ್ಟ ಇಲಿಗಳಲ್ಲಿ ತಿರಸ್ಕಾರ ಮುಂದಕ್ಕೆ ಹೋಯಿತು.

ಈ ಔಷಧಗಳು ಬೇಡದ ಕಾಟವನ್ನೂ ತರುತ್ತವೆ. ಸೋಂಕು ಸುಲಭಕ್ಕೆ ಹತ್ತುತ್ತದೆ, ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು, ರಕ್ತದೊತ್ತಡ ಏರಬಹುದು. ದೇಶದಲ್ಲಿ ಇಂಥ ಅಡ್ಡಪರಿಣಾಮಗಳ ಲೆಕ್ಕ ಹೋಗಿ ಸೇರುವ ಜಾಗ ಘಾಜಿಯಾಬಾದ್. ದಿಲ್ಲಿಯ ಮಗ್ಗುಲಲ್ಲಿರುವ ಆ ಕಾರ್ಖಾನೆ ಊರಿನ ರಾಜನಗರದಲ್ಲಿ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ಇದೆ. ಔಷಧಗಳ ಗುಣಮಟ್ಟ ಹೇಗಿರಬೇಕೆಂಬ ಅಧಿಕೃತ ಗ್ರಂಥವನ್ನು ಹೊರತರುವುದು ಅದೇ. 2011ರಿಂದ ಔಷಧ ಅಡ್ಡಪರಿಣಾಮಗಳ ರಾಷ್ಟ್ರೀಯ ಕೇಂದ್ರವೂ ಅದೇ. ವೈದ್ಯರಷ್ಟೇ ಅಲ್ಲ, ರೋಗಿಯೂ 1800 180 3024 ಉಚಿತ ಸಂಖ್ಯೆಗೆ ಫೋನ್ ಮಾಡಿ ಹೇಳಿಕೊಳ್ಳಬಹುದು.

ಪ್ರಯೋಗದ ಪ್ರಾಣಿಗಳ ಪಾಲಿಗೂ ಆ ಕಚೇರಿ ಮುಖ್ಯ. ಚುಚ್ಚುಮದ್ದಿನಲ್ಲಿ ಜ್ವರಕಾರಕ ಅಂಶ ಇದೆಯೇ ಎಂದು ಮೊಲಗಳಿಗೆ ಚುಚ್ಚಿ ಮೈಬಿಸಿ ನೋಡುವ ಹಳೆಯ ಪದ್ಧತಿಯ ಬದಲು ಗಾಜಿನ ನಳಿಕೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿಗೆ ಅದರ ಗ್ರಂಥದ 2018ರ ಆವೃತ್ತಿ ದಾರಿ ಮಾಡಿಕೊಟ್ಟಿತು. ಚರ್ಮ ಕಸಿಯಂಥ ಪ್ರಯೋಗಗಳಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು 1998ರ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯ ಮೇಲೂ ಕತ್ತರಿ ಆಡಿಸುವಂತಿಲ್ಲ. ಅರಿವಳಿಕೆ ಕೊಡಬೇಕು, ಪ್ರಾಣಿಗಳ ಸಂಖ್ಯೆಗೆ ಸಮರ್ಥನೆ ಕೊಡಬೇಕು. ಮೆಡಾವರ್ ಕಾಲದಂತೆ 625 ಕಸಿಗಳನ್ನು ಇಂದು ಕೇಳಿದರೆ ಅಷ್ಟು ಏಕೆ ಎಂದು ಸಮಿತಿ ಪ್ರಶ್ನಿಸುವುದು ಖಂಡಿತ, ಪ್ರಶ್ನಿಸಲೂಬೇಕು.

ಇಲಿಯ ಮಾತು ಎಷ್ಟು ನಂಬಬೇಕು?

ಇಲಿಯ ಚರ್ಮದಡಿ ತೆಳು ಸ್ನಾಯುವಿನ ಹಾಳೆಯೊಂದಿದೆ. ಗಾಯವಾದರೆ ಅದು ಸುತ್ತಲಿನ ಚರ್ಮವನ್ನು ಎಳೆದು ಮುಚ್ಚುತ್ತದೆ. ಮನುಷ್ಯನಲ್ಲಿ ಹೀಗಿಲ್ಲ, ನಮ್ಮ ಗಾಯ ಹೆಚ್ಚಾಗಿ ಹೊಸ ಚರ್ಮ ಹರಡಿಯೇ ತುಂಬಬೇಕು. ಪ್ರಯೋಗಾಲಯದ ಇಲಿ ಶುಚಿಯಾದ ಪೆಟ್ಟಿಗೆಯಲ್ಲಿ ಬೆಳೆದದ್ದು, ನೂರೆಂಟು ಸೋಂಕು ಕಂಡ ನಮ್ಮ ಟಿ ಕೋಶಗಳ ಅನುಭವ ಅದಕ್ಕಿಲ್ಲ. ಹಾಗಾಗಿ ಇಲಿಯಲ್ಲಿ ಕಸಿ ಒಪ್ಪಿಸಿದ ಎಷ್ಟೋ ಜಾಣ ಉಪಾಯಗಳು ಆಸ್ಪತ್ರೆಯ ಬಾಗಿಲು ದಾಟಲಿಲ್ಲ. ಇಲಿಯ ಫಲಿತಾಂಶವನ್ನೇ ಮನುಷ್ಯನಿಗೆ ಸಿಕ್ಕ ಮದ್ದೆಂದು ಬರೆಯುವ ಸುದ್ದಿಗಳನ್ನು ಓದುಗರು ಅರ್ಧ ಮಾತ್ರ ನಂಬುವುದು ಒಳ್ಳೆಯದು.

ಪ್ರಾಣಿಯಿಂದ ಮನುಷ್ಯನಿಗೆ ಜಿಗಿಯುವ ಆತುರಕ್ಕೆ ಭಾರತದಲ್ಲೇ ಒಂದು ಉದಾಹರಣೆ ಇದೆ. 1997ರಲ್ಲಿ ಅಸ್ಸಾಮಿನ ಸರ್ಜನ್ ಧನಿರಾಮ್ ಬರುವಾ ಹಂದಿಯ ಹೃದಯವನ್ನು ರೋಗಿಯೊಬ್ಬನಿಗೆ ಕಸಿ ಮಾಡಿದರು. ರೋಗಿ ಒಂದು ವಾರ ಬದುಕಿದ. ಬರುವಾ ಬಂಧನಕ್ಕೆ ಒಳಗಾದರು.

ಉದುರುವುದೆಂದು ತಿಳಿದೇ ಅಂಟಿಸುವ ಚರ್ಮ

ಇಷ್ಟೆಲ್ಲ ತಿಳಿದ ಮೇಲೂ ಪರರ ಚರ್ಮ ಮನುಷ್ಯನ ಮೇಲೆ ಶಾಶ್ವತವಾಗಿ ನಿಲ್ಲುವುದಿಲ್ಲ. ಬರೀ ಚರ್ಮಕ್ಕಾಗಿ ಜೀವನಪೂರ್ತಿ ಸೈಕ್ಲೋಸ್ಪೋರಿನ್ ನುಂಗಿಸುವುದು, ಅದೂ ಸೋಂಕಿನಿಂದಲೇ ಸಾಯುವ ಅಪಾಯವಿರುವ ಸುಟ್ಟಗಾಯದ ರೋಗಿಗೆ, ಬುದ್ಧಿವಂತಿಕೆಯಲ್ಲ. ಹಾಗಿದ್ದೂ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ರಾಜ್ಯದ ಮೊದಲ ಚರ್ಮ ಬ್ಯಾಂಕ್ ನಡೆಯುತ್ತಿದೆ. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ 2023ರ ಜೂನ್‌ನಲ್ಲಿ ಒಂದು ಶುರುವಾಯಿತು. ಉದುರುವ ಚರ್ಮಕ್ಕೆ ಬ್ಯಾಂಕ್ ಏಕೆ?

ಆ ಕೆಲವು ದಿನಗಳಿಗಾಗಿಯೇ. ಮೈಯ ಅರ್ಧದಷ್ಟು ಸುಟ್ಟವರಿಗೆ ತಮ್ಮದೇ ಚರ್ಮ ತೆಗೆದು ಹಾಕೋಣವೆಂದರೆ ತೆಗೆಯಲು ಜಾಗವೇ ಇರುವುದಿಲ್ಲ. ತೆರೆದ ಗಾಯದಿಂದ ನೀರು, ಉಪ್ಪು, ಪ್ರೋಟೀನ್ ಸೋರಿಹೋಗುತ್ತವೆ, ಬ್ಯಾಕ್ಟೀರಿಯಾ ಒಳಬರುತ್ತವೆ. ದಾನಿಯ ಚರ್ಮ ಹೊದಿಸಿದರೆ ಸೋರಿಕೆ ನಿಲ್ಲುತ್ತದೆ, ನೋವು ತಗ್ಗುತ್ತದೆ. ಸುಟ್ಟಗಾಯ ದೊಡ್ಡದಾದಷ್ಟೂ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ, ಜತೆಗೆ ಗ್ಲಿಸರಾಲ್‌ನಲ್ಲಿಟ್ಟ ಚರ್ಮದ ಕೋಶಗಳು ಮೊದಲೇ ಸತ್ತಿರುವುದರಿಂದ, ತಿರಸ್ಕಾರ ತಡವಾಗಿ ಎರಡು ಮೂರು ವಾರದವರೆಗೂ ಹೊದಿಕೆ ನಿಲ್ಲುತ್ತದೆ. ಅಷ್ಟರಲ್ಲಿ ರೋಗಿಯ ಉಳಿದ ಚರ್ಮದಿಂದ ತೆಳು ಹಾಳೆ ತೆಗೆದು, ಆ ಜಾಗ ಮಾಗಿದ ಮೇಲೆ ಅಲ್ಲಿಂದಲೇ ಮತ್ತೊಂದು ತೆಗೆದು, ಗಾಯವನ್ನು ಕಂತುಕಂತಾಗಿ ಮುಚ್ಚಲು ಸರ್ಜನ್ನರಿಗೆ ಸಮಯ ಸಿಗುತ್ತದೆ. ಮೊಲ ಮತ್ತು ಇಲಿಗಳ ಮೇಲೆ ಎಣಿಸಿದ ದಿನಗಳ ಅತ್ಯಂತ ನೇರ ಉಪಯೋಗ ಇದೇ ಎಂದು ನಾನು ಹೇಳುತ್ತೇನೆ.

ಹೇಗೂ ಉದುರುವ ಚರ್ಮವಾದ್ದರಿಂದ ರಕ್ತದ ಗುಂಪಾಗಲಿ ಎಚ್‌ಎಲ್‌ಎ ಆಗಲಿ ಹೊಂದಬೇಕಿಲ್ಲ. ಹದಿನೆಂಟು ದಾಟಿದ ಯಾರ ಚರ್ಮವನ್ನಾದರೂ ಸಾವಿನ ನಂತರ ಪಡೆಯಬಹುದು. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್, ಮೈತುಂಬ ಹರಡಿದ ಸೋಂಕು ಇದ್ದವರದನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ತೊಡೆ, ಕಾಲು, ಬೆನ್ನಿನಿಂದ ತೆಳ್ಳನೆಯ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ. ತಂಡ ಮನೆಗೇ ಬರುತ್ತದೆ, ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ, ರಕ್ತ ಸೋರುವುದಿಲ್ಲ, ದೇಹ ವಿರೂಪವಾಗುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ. ಗ್ಲಿಸರಾಲ್‌ನಲ್ಲಿ ತಣ್ಣಗಿಟ್ಟರೆ ಐದು ವರ್ಷದವರೆಗೆ ಕೆಡುವುದಿಲ್ಲ.

ಸಾವಿನ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕು ಎಂಬುದೊಂದೇ ಗಡಿಬಿಡಿಯ ನಿಯಮ. ಕಣ್ಣು ದಾನದಷ್ಟು ಚರ್ಮ ದಾನ ನಮ್ಮಲ್ಲಿ ಬಳಕೆಗೆ ಬಂದಿಲ್ಲ. ಕೊಡುವ ಮನಸ್ಸಿದ್ದರೆ ಮನೆಯವರಿಗೆ ಈಗಲೇ ಹೇಳಿಡಿ, ಹತ್ತಿರದ ಚರ್ಮ ಬ್ಯಾಂಕಿನ ಫೋನ್ ನಂಬರನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಡಿ. ಆ ಆರು ಗಂಟೆಯೊಳಗೆ ಫೋನ್ ಮಾಡಬೇಕಾದವರು ಅವರೇ.